ಹತ್ತನೆಯ ತುಂಡು

ಚೇಂದಮಂಗಲಂ,
೧೨ ಏಪ್ರಿಲ್ ೧೯೫೩, ಭಾನುವಾರ

ಪ್ರೀತಿಯ ತಂಗಿ ರಾಹೇಲಳಿಗೆ,

ಚೇಂದಮಂಗಲದ ಯೆಹೂದಿ ಬೀದಿಯ ದಿವಂಗತ ಎಲಿಯಾಹುವಿನ ಚೊಚ್ಚಲ ಮಗನೂ, ಬಿ.ಎ. ಪದವೀಧರನೂ, ಪರವೂರಿನ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟರೂ, ಈವರೆಗೆ ಯಾವ ಠಾಣೆಯ ದಫ್ತರದಲ್ಲೂ ಹೆಸರು ಬರೆಸಿಕೊಳ್ಳದವನೂ ಆದ ನೆಹೆಮ್ಯಾ ಎಂಬ ನಾನು, ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಕಳೆದ ತಿಂಗಳ ಇಪ್ಪತ್ತೊಂಬತ್ತನೆಯ ತಾರೀಖು ದೀಪ ಹಚ್ಚುವ ಹೊತ್ತಿನಲ್ಲಿ ನಮ್ಮ ನಡುಮನೆಯ ಕಿಟಕಿಕಟ್ಟೆಯ ಮೇಲಿಂದ ನೆಲ್ಲಿಕಾಯಿ ಗಾತ್ರದ ಒಂದು ರೊಟ್ಟಿಯ ತುಂಡನ್ನು ಕದ್ದೆ. ತುಂಡಿನ ಒಡತಿ ಅಮ್ಮ. ಸಾಕ್ಷಿ ಒಂದು ಮೇಣದ ಬತ್ತಿ, ಅದೂ ಆರಿಹೋಯಿತು.

ಕಾಗದ ತಡವಾದದ್ದಕ್ಕೆ ಕ್ಷಮೆ ಬೇಡುವುದು ವಾಡಿಕೆ. ಬೇಡಿದ್ದೇನೆ ಎಂದುಕೋ. ನಿನ್ನ ಪುರೀಮ್ ಹಬ್ಬದ ಕಾಗದ ತಲುಪಿ ತಿಂಗಳಾಯಿತು. ಅದರೊಳಗೆ ನಿನ್ನ ಗಂಡ ಇಸಾಕ್, ನಿನಗೆ ಗೊತ್ತಿತ್ತೋ ಇಲ್ಲವೋ, ತನ್ನದೂ ಒಂದು ಚೀಟಿ ಮಡಿಸಿಟ್ಟಿದ್ದ. ಕಡಲಾಚೆ ನಮ್ಮವರ ಹೊಸ ದೇಶದ ಆ ಬೆಟ್ಟದ ಊರಿಗೆ ಹೋದ ಮೇಲೆ ಪೆಸಹದಲ್ಲಿ, ಉಬ್ಬಿದ ಹುಳಿಹಿಟ್ಟು ಮನೆಯೊಳಗೆ ಇರಬಾರದ ಆ ದಿನಗಳಲ್ಲಿ, ನೀನು ಒಲೆಯನ್ನೇ ಹಚ್ಚುವುದಿಲ್ಲವಂತೆ. ಊರವರೆಲ್ಲ ಸೇರುವ ಊಟದ ಮನೆಗೆ ಹೋಗಿ, ಬೇರೆಯವರು ಮಾಡಿದ್ದನ್ನು ತಿಂದು ಬರುತ್ತೀಯಂತೆ. ಯಾಕೆಂದು ಕೇಳಿದರೆ "ನನ್ನ ಕೈ ಸರಿಯಿಲ್ಲ" ಎನ್ನುತ್ತೀಯಂತೆ. ಅಡುಗೆಗೆ ರಜೆ ಹಾಕಲು ಇಷ್ಟು ಚೆಂದದ ಅರ್ಜಿ ನಾನು ಎಲ್ಲೂ ಕಂಡಿಲ್ಲ ಎಂದು ಸಿಮ್ಹಾಳಿಗೆ ಹೇಳಿದೆ. ನನ್ನ ಹೆಂಡತಿ ನನ್ನ ಹತ್ತು ತಮಾಷೆಗೆ ಎಂಟಕ್ಕಾದರೂ ನಗುವವಳು. ಇದಕ್ಕೆ ನಗಲಿಲ್ಲ. ಅದಿರಲಿ, ಆಮೇಲೆ.

ಲಕೋಟೆ ಸ್ವಲ್ಪ ಉಬ್ಬಿದೆ. ಪೆಸಹ ಮುಗಿದಿರುವುದರಿಂದ ಉಬ್ಬುವ ಹಕ್ಕು ಅದಕ್ಕಿದೆ. ಒಳಗಿರುವ ಸಣ್ಣ ಪೊಟ್ಟಣವನ್ನು ಈಗಲೇ ಬಿಚ್ಚಬೇಡ. ಕಥೆಪುಸ್ತಕದ ಕೊನೆಯ ಪುಟವನ್ನು ಮೊದಲು ಓದುವ ನಿನ್ನ ಹಳೆಯ ಚಾಳಿಯನ್ನೂ ಈ ಕಾಗದದ ಮೇಲೆ ತೋರಿಸಬೇಡ. ನಾನು ಸಾಲುಸಾಲಾಗಿ ಹೆದರಿದಂತೆಯೇ ನೀನೂ ಓದಬೇಕು. ಹೆದರಿದೆ ಎಂದೆನೇ? ಕೈತಪ್ಪಿ ಬಂದ ಮಾತು. ನಾನು ಇಂಥದ್ದಕ್ಕೆಲ್ಲ ಹೆದರುವವನಲ್ಲ ಎಂಬುದು ಇಡೀ ಬೀದಿಗೆ ಗೊತ್ತು. ಗೊತ್ತಾಗುವಂತೆ ನಾನೇ ಹೇಳಿಕೊಂಡು ತಿರುಗಿದ್ದೇನೆ.

ಸಿಮ್ಹಾ ಬಸುರಿ ಎಂದು ಬರೆದಿದ್ದೆನಲ್ಲ. ಆರು ವರ್ಷದ ಮೇಲೆ ಚೊಚ್ಚಲು. ಅವಳ ತವರಿನಲ್ಲಿ ತಾಯಿ ಇಲ್ಲದ್ದರಿಂದ ಹೆರಿಗೆ ಇಲ್ಲೇ ಎಂದಾಯಿತು. ದಿನ ತುಂಬುವುದು ಪೆಸಹ ಕಳೆದು ಹತ್ತು ದಿನಕ್ಕೆ ಎಂದು ಅಮ್ಮ ಬೆರಳು ಎಣಿಸಿ ತೀರ್ಪು ಕೊಟ್ಟಿದ್ದಳು. ಹಾಗಾಗಿ ಈ ವರ್ಷ ಮನೆ ತೊಳೆಯುವ ಕೆಲಸಕ್ಕೆ ಅಮ್ಮ ಒಬ್ಬಳೇ. ನಿನಗೆ ಅಮ್ಮ ಗೊತ್ತು. ಸುಣ್ಣ ಬಳಿದದ್ದಾಯಿತು, ಬಾವಿ ಬತ್ತಿಸಿ ತೊಳೆದು ಬಾಯಿಗೆ ಬಟ್ಟೆ ಕಟ್ಟಿದ್ದಾಯಿತು, ಪೆಸಹದ ಪಾತ್ರೆಗಳು ಅಟ್ಟದಿಂದ ಇಳಿದದ್ದಾಯಿತು, ಅಕ್ಕಿಯನ್ನು ಕಾಳುಕಾಳಾಗಿ ಮೂರು ಸಲ ಆರಿಸಿದ್ದಾಯಿತು. ಮನೆಯಲ್ಲಿ ಹುಳಿ ಎಂಬುದು ಅಮ್ಮನ ಮುಖ ಒಂದನ್ನು ಬಿಟ್ಟು ಬೇರೆಲ್ಲೂ ಉಳಿಯಲಿಲ್ಲ. ಉಬ್ಬಿದ್ದೆಲ್ಲ ಮನೆಯಿಂದ ಆಚೆ. ಸಿಮ್ಹಾಳ ಹೊಟ್ಟೆಗೂ ನನ್ನ ಬಿ.ಎ.ಗೂ ಮಾತ್ರ ವಿನಾಯಿತಿ.

ಸಿಮ್ಹಾ ಕೂತಲ್ಲೇ ಅಕ್ಕಿ ಆರಿಸಿದಳು. ಪೆಸಹಕ್ಕೆ ಮುಂಚಿನ ನೂರು ದಿನದಲ್ಲಿ ಹೆಂಗಸು ಒಂದೇ ಒಂದು ಸಲ ಕಣ್ಣು ತಪ್ಪಿದರೂ ಗಂಡನಿಗೋ ಮಕ್ಕಳಿಗೋ ಜೀವಕ್ಕೆ ಅಪಾಯ ಎಂದು ನಮ್ಮ ಬೀದಿಯ ಹೆಂಗಸರು ಹೇಳುವುದನ್ನು ಕೇಳುತ್ತಲೇ ನಾವು ಬೆಳೆದವರು. ಅವಳು ಮೊರದ ಮೇಲೆ ಬಗ್ಗಿ, ರೆಪ್ಪೆ ಬಡಿಯಲೂ ಹೆದರಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿರುತ್ತಿದ್ದಳು. "ಏನೇ, ಅಕ್ಕಿ ಆರಿಸ್ತಿದೀಯೋ ಅಕ್ಕಿ ತೊಳೀತಿದೀಯೋ?" ಎಂದೆ. "ನೀವು ಆಚೆ ಹೋಗಿ" ಎಂದಳು.

ಇಪ್ಪತ್ತೊಂಬತ್ತನೆಯ ತಾರೀಖು ಸಂಜೆ ಹುಳಿ ಹುಡುಕುವ ಶಾಸ್ತ್ರ. ಅಮ್ಮ ಎಂದಿನಂತೆ ಹಳೆಯ ರೊಟ್ಟಿಯ ಹತ್ತು ತುಂಡು ಮಾಡಿ ಮನೆಯ ಹತ್ತು ಕಡೆ ಇಟ್ಟಳು. ಬತ್ತಿ, ಕೋಳಿಗರಿ, ಮರದ ಸೌಟು ಹಿಡಿದು ನಾನು ಒಂದೊಂದಾಗಿ ಹುಡುಕಬೇಕು, ಹತ್ತೂ ಸಿಕ್ಕ ಮೇಲೆ ಗಂಟು ಕಟ್ಟಬೇಕು, ಬೆಳಗ್ಗೆ ಸುಡಬೇಕು. ಮೊದಲನೆಯ ತುಂಡು ಕಿಟಕಿಕಟ್ಟೆಯ ಮೇಲೆ ಸಿಕ್ಕಿತು. ಅದನ್ನು ಸೌಟಿಗೆ ಹಾಕುವ ಬದಲು ಕೋಟಿನ ಜೇಬಿಗೆ ಹಾಕಿದೆ.

ಯಾಕೆ? ತಮಾಷೆಗೆ. ಸದ್ಯಕ್ಕೆ ಅಷ್ಟೇ ಬರೆಯುತ್ತೇನೆ.

ಉಳಿದ ಒಂಬತ್ತು ಸಿಕ್ಕವು. ಅಮ್ಮ ಎಣಿಸಿದಳು.

"ಒಂಬತ್ತಿದೆ."

"ಒಂಬತ್ತೇ ಇಟ್ಟಿರ್ತೀಯ ಬಿಡಮ್ಮ. ವಯಸ್ಸಾಯ್ತು, ಎಣಿಕೆ ತಪ್ಪುತ್ತೆ."

"ಮೂವತ್ತೈದು ವರ್ಷ ಹತ್ತು ತಪ್ಪದ ಕೈ ಕಣೋ ಇದು. ಹುಡುಕು."

ಹುಡುಕಿದಂತೆ ನಟಿಸಿದೆ. ಕಾಲು ಗಂಟೆ ಆಟ ಆಡಿಸಿ, "ಇಗೋ, ಇಲ್ಲಿದೆ" ಎಂದು ಕೊಡುವ ಯೋಚನೆ. ಆದರೆ ಅಮ್ಮ ಹುಡುಕುವುದನ್ನು ನಿಲ್ಲಿಸಿಬಿಟ್ಟಳು. ಬತ್ತಿಯನ್ನು ಎದೆಯ ಹತ್ತಿರ ಹಿಡಿದು ಒಳಕೋಣೆಯ ಹೊಸ್ತಿಲನ್ನು ನೋಡುತ್ತ ನಿಂತಳು. ನೀನು ಬಾಣಂತಿಯಾಗಿ ಮಲಗಿದ್ದ ಅದೇ ಕೋಣೆ. "ಆ ವರ್ಷದ ಹಾಗೇ" ಎಂದಳು, ನನಗಲ್ಲ, ಯಾರಿಗೂ ಅಲ್ಲ. ಕೋಣೆಯೊಳಗಿಂದ ಸಿಮ್ಹಾ ಕೇಳಿದಳು: "ಎಷ್ಟು ಸಿಕ್ತು?" ಅಮ್ಮ ಒಳಗೆ ಹೋಗದೆ ಆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಅದೇ ಉತ್ತರವಾಯಿತು.

ಜೇಬಿನಿಂದ ತುಂಡು ತೆಗೆಯುವ ಸಮಯ ಅದೇ ಆಗಿತ್ತು. ತೆಗೆಯಲಿಲ್ಲ. ತಮಾಷೆ ಎಂದು ಹೇಳಿದ್ದರೆ ಆ ಮುಖದ ಮುಂದೆ ತಮಾಷೆಯಾಗಿ ಉಳಿಯುತ್ತಿರಲಿಲ್ಲ. ಶಾಸ್ತ್ರದ ಕೊನೆಯ ಮಾತು ಹೇಳಿದೆ: "ನಾನು ಕಾಣದೆ ಉಳಿದ ಹುಳಿಯೆಲ್ಲ ಇಲ್ಲದ್ದಾಗಲಿ, ನೆಲದ ಮಣ್ಣಾಗಲಿ." ಎಂಥ ಉದಾರ ಕಾನೂನು ನೋಡು. ಕಾಣದ್ದಕ್ಕೆಲ್ಲ ಮಾಫಿ. ಕಂಡು ಜೇಬಿಗಿಟ್ಟುಕೊಂಡದ್ದಕ್ಕೆ ಮಾತ್ರ ಅದರಲ್ಲಿ ಜಾಗವಿಲ್ಲ.

ಬೆಳಗಾಗುವ ಮೊದಲೇ ಸಿಮ್ಹಾಳಿಗೆ ನೋವು ಕಾಣಿಸಿಕೊಂಡಿತು. ಎಂಟು ದಿನದ ಹಬ್ಬ, ಅದರ ಮೇಲೆ ಹತ್ತು ದಿನ. ಹೆಚ್ಚುಕಡಿಮೆ ಮೂರು ವಾರ ಮುಂಚೆ. ಅಮ್ಮ ಬಾಗಿಲಲ್ಲಿ ನಿಂತು ನನ್ನನ್ನು ಎಬ್ಬಿಸಿದಳು. ಬೈಯಲಿಲ್ಲ, ಕೂಗಲಿಲ್ಲ. "ಪಾತುಮ್ಮನ್ನ ಕರ್ಕೊಂಡು ಬಾ" ಎಂದಳು. ಕೋಟು ತೊಟ್ಟುಕೊಂಡು ಓಡುತ್ತ, ಮೊದಲು ಆ ಹಾಳು ತುಂಡನ್ನು ಹೊಳೆಗೆ ಎಸೆಯೋಣ ಎಂದು ಜೇಬಿಗೆ ಕೈ ಹಾಕಿದೆ. ಕೈ ಜೇಬಿನ ತಳದಿಂದ ಆಚೆ ಬಂತು. ತೂತು. ತುಂಡು ಇಲ್ಲ.

ಕದ್ದವನಿಗೂ ಈಗ ಕದ್ದ ಮಾಲು ಎಲ್ಲಿದೆಯೆಂದು ತಿಳಿಯದು. ಮನೆಯೊಳಗೆ ಬಿತ್ತೋ, ಅಂಗಳದಲ್ಲೋ, ಅಡುಗೆಕೋಣೆಯ ನೀರಿನ ಕೊಡದ ಹತ್ತಿರವೋ, ಅವಳ ಮಂಚದ ಕೆಳಗೋ. ಬೆಳಗಿನ ಹೊತ್ತು ನಮ್ಮ ಹೊಳೆಯ ಮೇಲೆ ತಂಪಾಗಿರುತ್ತದೆ, ನಿನಗೆ ನೆನಪಿರಬೇಕು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಸೂಲಗಿತ್ತಿ ಪಾತುಮ್ಮ ಬಂದಳು. ನಮ್ಮನ್ನೂ ಹಿಡಿದವಳು ಅವಳೇ; ಈಗ ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. ಅಮ್ಮ ಅವಳನ್ನು ಜಗಲಿಯಲ್ಲೇ ತಡೆದು ಕೈ ತೊಳೆಸಿದಳು, ಕಾಲು ತೊಳೆಸಿದಳು, ಆಮೇಲೆ "ಬೆಳಗ್ಗೆ ಏನು ತಿಂದೆ? ಬಾಯಿ ಮುಕ್ಕಳಿಸು" ಎಂದಳು.

"ಅಲ್ಲಾ ಉಮ್ಮಾ, ನಾನು ಮಗು ಹಿಡಿಯೋದು ಕೈಯಲ್ಲಿ, ಹಲ್ಲಲ್ಲಲ್ಲ."

"ಮುಕ್ಕಳಿಸು ಅಂದೆ."

"ನಿಮ್ಮ ದೇವ್ರು ಸಮುದ್ರ ಸೀಳಿದೋನು. ನನ್ನ ಹಲ್ಲಿನ ಸಂದಿಯಲ್ಲಿರೋದಕ್ಕೆ ಹೆದರ್ತಾನಾ?" ಎನ್ನುತ್ತ ಮುಕ್ಕಳಿಸಿ ಒಳಗೆ ಹೋದಳು. ಒಳಗಿಂದಲೂ ಅವಳ ತಮಾಷೆ ಕೇಳುತ್ತಿತ್ತು. ನನಗೆ ಅದೇ ಧೈರ್ಯ. ಪಾತುಮ್ಮ ತಮಾಷೆ ಮಾಡುತ್ತಿರುವವರೆಗೆ ಎಲ್ಲ ಸರಿಯಿದೆ ಎಂದುಕೊಂಡೆ.

ನಾನು ಮಂಡಿಯೂರಿ ಮನೆಯೆಲ್ಲ ಹುಡುಕಿದೆ. ನಡುಮನೆ, ಪಡಸಾಲೆ, ಅಟ್ಟದ ಮೆಟ್ಟಿಲ ಕೆಳಗೆ. ಚೊಚ್ಚಲುಗಳಿಗೆ ಆ ದಿನ ಉಪವಾಸ ಬೇರೆ. ಬರಿಹೊಟ್ಟೆಯಲ್ಲಿ, ಬೆರಳಿನಿಂದ ಕಲ್ಲಿನ ಸಂದಿ ಕೆದಕುತ್ತಿದ್ದವನನ್ನು ಅಮ್ಮ ಬಿಸಿನೀರು ಹೊತ್ತು ಹೋಗುವಾಗ ನೋಡಿದಳು.

"ಈಗ ಬಂತಾ ಭಕ್ತಿ, ಬಿ.ಎ.?"

ಮುಂದಿನ ಸಂದಿಗೆ ಬೆರಳು ಹಾಕಿದೆ. 

ಹತ್ತೂವರೆಗೆ ಒಂಬತ್ತು ತುಂಡಿನ ಗಂಟು ಹಿಡಿದು ನಮ್ಮ ಪ್ರಾರ್ಥನಾಮಂದಿರದ, ಪಳ್ಳಿಯ, ಅಂಗಳಕ್ಕೆ ಹೋದೆ. ಸುಡುವವರೆಲ್ಲ ಸುಟ್ಟು ಹೋಗಿದ್ದರು. ಮೋಶೆ ಹಜ್ಜಾನ್ ಒಬ್ಬರೇ ಬೂದಿ ಕೆದಕುತ್ತ ಕೂತಿದ್ದರು. ಸಬ್ಬತ್ತಿನಲ್ಲಿ ಪ್ರಾರ್ಥನೆ ಹಾಡಿ, ಉಳಿದ ದಿನ ಮೊಟ್ಟೆ ಮಾರುವ ನಮ್ಮ ಹಜ್ಜಾನ್. ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಂತೆಯೇ ಮನುಷ್ಯರನ್ನೂ ನೋಡುತ್ತಾರೆ. ನನ್ನನ್ನು ಹಾಗೆ ನೋಡಿದರು. ನಾನು ಎಲ್ಲ ಹೇಳಿಬಿಟ್ಟೆ.

"ಎಷ್ಟು ದೊಡ್ಡದಿತ್ತು?"

"ನೆಲ್ಲಿಕಾಯಷ್ಟು."

"ಕಿರುನೆಲ್ಲಿಯೋ ಬೆಟ್ಟದ ನೆಲ್ಲಿಯೋ?"

"ಹಜ್ಜಾನ್, ಅವಳು ಅಲ್ಲಿ..."

"ಕೇಳಿಸ್ತಿದೆ ಕಣೋ. ನಿಮ್ಮನೆ ಐದನೇ ಬಾಗಿಲು, ನಂಗೆ ಕಿವಿ ಎರಡೂ ನೆಟ್ಟಗಿದೆ. ಮೊದಲು ಬೆಳಗಿನ ಮಾತು ಹೇಳು. ರಾತ್ರಿ 'ಕಾಣದ್ದು' ಅಂತಷ್ಟೇ ಹೇಳ್ತೀವಿ. ಬೆಳಗ್ಗೆ 'ಕಂಡದ್ದೂ ಕಾಣದ್ದೂ' ಅಂತೀವಿ. ನಿನ್ನಂಥೋರಿಗೇ ಅಂತ ಸೇರಿಸಿರೋದು."

ಹೇಳಿದೆ. ಕಂಡದ್ದೂ ಕಾಣದ್ದೂ ಮಣ್ಣಾಗಲಿ. ಒಂಬತ್ತು ತುಂಡು ಸುಟ್ಟಿತು. ನಾನು ಅಲ್ಲೇ ನಿಂತೆ.

"ಇನ್ನೂ ಏನು?"

"ಮನೆ ಶುದ್ಧ ಇಲ್ಲ ಹಜ್ಜಾನ್. ಆ ರಾತ್ರಿ ಈಜಿಪ್ಟಿನಲ್ಲಿ ಸಾವಿನ ದೂತ ಚೊಚ್ಚಲುಗಳನ್ನ ಕೊಲ್ಲೋಕೆ ಮನೆಮನೆ ನೋಡ್ಕೊಂಡು ಬಂದ. ನಮ್ಮ ಮನೆಗೆ ಬಂದರೆ..."

ಮುದುಕರು ಬೂದಿ ಕೆದಕುವುದನ್ನು ನಿಲ್ಲಿಸಿದರು. "ಚರಿತ್ರೆ ಮೇಷ್ಟ್ರು ನೀನು. ಹೇಳು, ಆ ರಾತ್ರಿ ನಮ್ಮೋರು ಮನೆ ಗುಡಿಸಿದ್ರಾ? ಸುಣ್ಣ ಹೊಡೆದಿದ್ರಾ? ಅಕ್ಕಿ ಆರಿಸಿದ್ರಾ? ನಾದಿದ ಹಿಟ್ಟು ಉಬ್ಬೋಕೂ ಪುರುಸೊತ್ತಿಲ್ದೆ ಹಾಗೇ ಬಟ್ಟೇಲಿ ಕಟ್ಟಿ ಹೆಗಲಿಗೆ ಹಾಕ್ಕೊಂಡು ಓಡಿದ್ರು. ಹಿಂದೆ ಬಿಟ್ಟ ಮನೇಲಿ ಎಷ್ಟು ಹುಳಿ ಇತ್ತೋ ಯಾರಿಗೆ ಗೊತ್ತು. ಸಮುದ್ರದ ದಡಕ್ಕೆ ಬಂದಾಗ ಎದೆಯಲ್ಲಿದ್ದದ್ದು ನಂಬಿಕೆನಾ? ಅಲ್ಲಪ್ಪ, ಬೈಗುಳ. 'ಗೋರಿಗೆ ಅಲ್ಲಿ ಜಾಗ ಇರ್ಲಿಲ್ವಾ, ಇಲ್ಲಿಗೆ ಕರ್ಕೊಂಡು ಬಂದ್ಯಾ' ಅಂತ ಪ್ರವಾದಿ ಮೋಶೆ ಮೇಲೆ ಕೂಗಾಡಿದ್ರು. ಆದ್ರೂ ನೀರು ಸೀಳ್ತು. ಎಲ್ಲಾ ಸರಿಮಾಡ್ಕೊಂಡು ಬನ್ನಿ, ಆಮೇಲೆ ಬಿಡಿಸ್ತೀನಿ ಅಂತ ದೇವ್ರು ಹೇಳಿದ್ದಿದ್ರೆ ನಾವಿನ್ನೂ ಅಲ್ಲೇ ಇಟ್ಟಿಗೆ ಹೊಯ್ತಾ ಇರ್ತಿದ್ವಿ."

"ಹಾಗಾದ್ರೆ ಈ ನೂರು ದಿನ ಯಾಕೆ?"

"ಬಿಡುಗಡೆ ಆಗ್ಲಿ ಅಂತ ಗುಡಿಸೋದಲ್ಲ ಕಣೋ. ಆಯ್ತಲ್ಲ, ಅದಕ್ಕೆ ಗುಡಿಸೋದು. ನಿಮ್ಮಮ್ಮನಿಗೆ ಇದನ್ನ ಮೂವತ್ತು ವರ್ಷದಿಂದ ಹೇಳ್ತಿದೀನಿ. ನನ್ನ ಮೊಟ್ಟೆ ಮಾತ್ರ ತಗೋತಾಳೆ. ಹೋಗು, ಅವಳಿಗೆ ಹೋಗಿ ನಿಜ ಹೇಳು."

ತಲೆಯಾಡಿಸಿ ಬಂದೆ. ನಿಜ ಹೇಳಲಿಲ್ಲ. ಮೇಷ್ಟರ ಪಾಠ ಅರ್ಥವಾಗುವುದೂ ಅದರಂತೆ ನಡೆಯುವುದೂ ಬೇರೆ ಬೇರೆ ತರಗತಿಯ ವಿಷಯ ಎಂಬುದು ನನ್ನ ವೃತ್ತಿಯಲ್ಲಿ ಕಂಡುಕೊಂಡದ್ದು.

ಮಧ್ಯಾಹ್ನಕ್ಕೆ ಸಿಮ್ಹಾಳಿಗೆ ಚಳಿ ಬಂತು. ಮಾರ್ಚಿನ ಬಿಸಿಲಿನಲ್ಲಿ ಹಲ್ಲು ಕಟಕಟ ಎನ್ನುವುದು ಬಾಗಿಲಾಚೆಗೆ ಕೇಳುತ್ತಿತ್ತು. ಹಳೆಯ ಕಂಬಳಿಗಳೆಲ್ಲ ಪೆಸಹಕ್ಕೆ ಒಗೆಯದೆ ಆಚೆ ಕೋಣೆಯಲ್ಲಿ ಬೀಗದೊಳಗಿದ್ದವು. ನಾನು ಕೋಟು ಬಿಚ್ಚಿ ಕೊಟ್ಟೆ.

"ಶಾಲೆ ಕೋಟು. ಜೇಬಲ್ಲಿ ಏನೇನಿರುತ್ತೋ" ಎಂದಳು ಅಮ್ಮ.

"ಜೇಬು ತೂತಮ್ಮ. ಅದರಲ್ಲಿ ಏನೂ ನಿಲ್ಲಲ್ಲ."

ಜೇಬುಗಳನ್ನು ಹೊರಗೆಳೆದು ನೋಡಿ, ಜಗಲಿಯಲ್ಲಿ ಮೂರು ಸಲ ಒದರಿ, ಅಮ್ಮ ಕೋಟನ್ನು ಒಳಗೆ ಒಯ್ದಳು. ಸಿಮ್ಹಾಳ ಕಾಲಿನ ಮೇಲೆ ಹೊದಿಸಿದಳು. ನನ್ನನ್ನು ಕರೆದಳು, ಏಕೆಂದರೆ ಸಿಮ್ಹಾ ಕೇಳಿದ್ದಳು.

ಆ ಮುಖ ಯಾರದ್ದೋ ಆಗಿತ್ತು. ತುಟಿ ಬಿಳಿಚಿತ್ತು. ನನ್ನ ಕೈ ಹಿಡಿದು, ಬಗ್ಗು ಎಂಬಂತೆ ಎಳೆದು ಕೇಳಿದ್ದು ಒಂದೇ ಮಾತು:

"ಹತ್ತನೇದು ಸಿಕ್ತಾ?"

ರಾಹೇಲ್, ಮೂರು ವಾರ ಮುಂಚೆ ಬಂದ ನೋವಿಗೆ ಅವಳು ಕಂಡುಕೊಂಡ ಕಾರಣ ಅದು. ರಾತ್ರಿಯೆಲ್ಲ ಅವಳು ಮಗುವಿನ ಯೋಚನೆ ಮಾಡಿರಲಿಲ್ಲ. ತಾನು ಎಲ್ಲಿ ಕಣ್ಣು ತಪ್ಪಿದೆ ಎಂದು ನೂರು ದಿನವನ್ನು ಒಂದೊಂದಾಗಿ ಹಿಂದಕ್ಕೆ ಎಣಿಸುತ್ತ ಮಲಗಿದ್ದಳು.

"ಸಿಕ್ತು" ಎಂದೆ. "ಕಿಟಕಿ ಹತ್ರಾನೇ ಇತ್ತು. ಸುಟ್ಟೆ."

ಅವಳು ಕಣ್ಣು ಮುಚ್ಚಿದಳು. ಬೆರಳು ಸಡಿಲವಾಯಿತು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಆ ಕಿಟಕಿಯನ್ನು ಅಮ್ಮ ತಾನೇ ಆರು ಸಲ ನೋಡಿದ್ದಳು. ಕೋಟನ್ನು ಸಿಮ್ಹಾಳ ಕಾಲಿಗೆ ಸರಿಯಾಗಿ ಹೊದಿಸಿದಳು.

ನಾಲ್ಕು ಗಂಟೆಯ ಸುಮಾರಿಗೆ ಪಾತುಮ್ಮ ಹೊರಗೆ ಬಂದು ಕೈ ತೊಳೆದಳು. "ಏನು ಪಾತುಮ್ಮ, ನಿನ್ನ ಹಲ್ಲು ಹೇಗಿದೆ?" ಎಂದೆ. ಅವಳು ನಗಲಿಲ್ಲ. ತೊಳೆದ ಕೈಯನ್ನೇ ಮತ್ತೆ ತೊಳೆದಳು. "ಕಾಲು ಮುಂದಿಟ್ಟಿದೆ" ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಆ ಕೋಣೆಯಿಂದ ತಮಾಷೆ ಕೇಳಲಿಲ್ಲ. ಪರವೂರಿನ ಲೇಡಿ ಡಾಕ್ಟರನ್ನು ಕರೆತರಲು ಹೋದ ದೋಣಿ ಬರಿದಾಗಿ ಬಂತು; ಅವರು ರಜೆಯಲ್ಲಿದ್ದರು.

ಬೆಳಕು ಇಳಿಯಿತು. ಆ ಬೀದಿಯಲ್ಲಿ ಬೆಳಕು ಹೇಗೆ ಇಳಿಯುತ್ತದೆ ಎಂಬುದು ನಿನಗೆ ಗೊತ್ತು. ಮೊದಲು ಪಳ್ಳಿಯ ಗೋಡೆ, ಆಮೇಲೆ ನಾಲ್ಕು ಬಾಗಿಲು, ಕೊನೆಗೆ ನಮ್ಮ ಹೊಸ್ತಿಲು. ಚಿಕ್ಕವರಿದ್ದಾಗ ನಾವಿಬ್ಬರೂ ಆ ನೆರಳನ್ನು 'ಅವನು ಬರ್ತಿದಾನೆ' ಎಂದು ತೋರಿಸಿಕೊಂಡು ಅಮ್ಮನ ಸೆರಗಿಗೆ ಓಡುತ್ತಿದ್ದೆವಲ್ಲ. ಆವತ್ತು ಮೂವತ್ತು ವರ್ಷದ ಮೇಷ್ಟರು ಬಾಗಿಲಲ್ಲಿ ಕೂತು ಅದೇ ನೆರಳನ್ನು ನೋಡುತ್ತಿದ್ದರು. ಹೊಸ್ತಿಲು ದಾಟಿದಾಗ ಕಾಲು ಹಿಂದಕ್ಕೆ ಎಳೆದುಕೊಂಡರು.

ಅಮ್ಮ ಹಬ್ಬದ ರಾತ್ರಿಯ ಮೇಜು ಸಿದ್ಧ ಮಾಡಿ, ಬಿಡುಗಡೆಯ ಕಥೆಯ ಪುಸ್ತಕ ನನ್ನ ಮುಂದಿಟ್ಟಳು. ಹುಳಿಯಿಲ್ಲದ ಮೂರು ರೊಟ್ಟಿ, ಕಹಿಸೊಪ್ಪು, ಮೂಳೆ, ಒಣದ್ರಾಕ್ಷಿಯ ರಸ. ಇಬ್ಬರೇ ನಾವು, ಮತ್ತು ಗೋಡೆಯಾಚೆ ಅವಳು.

"ಓದು."

"ಈಗಲಾ ಅಮ್ಮ?"

"ಈಗ್ಲೇ. ಅವಳಿಗೂ ಕೇಳಲಿ."

ಓದಿದೆ. ನಾವು ಈಜಿಪ್ಟಿನಲ್ಲಿ ಫರೋಹನ ಗುಲಾಮರಾಗಿದ್ದೆವು. ಗೋಡೆಯಾಚೆ ಸಿಮ್ಹಾ ಕೂಗಿದಾಗಲೆಲ್ಲ ನಾನು ನಿಲ್ಲಿಸಿದೆ. ಅಮ್ಮ ಪ್ರತಿ ಸಲವೂ ಮೇಜನ್ನು ಬೆರಳಿನಿಂದ ತಟ್ಟಿದಳು, ಮುಂದೆ ಎಂಬಂತೆ. ಈಜಿಪ್ಟಿನ ಮೇಲೆ ಬಂದ ಹತ್ತು ಪಿಡುಗುಗಳ ಭಾಗ ಬಂತು. ಒಂದೊಂದು ಹೆಸರಿಗೂ ಬಟ್ಟಲಿನಿಂದ ಒಂದೊಂದು ಹನಿ ಚೆಲ್ಲಬೇಕು. ರಕ್ತ. ಕಪ್ಪೆ. ಹೇನು. ಮೃಗ. ಜಾನುವಾರಿನ ರೋಗ. ಹುಣ್ಣು. ಆನೆಕಲ್ಲು. ಮಿಡತೆ. ಕತ್ತಲೆ. ಒಂಬತ್ತು ಹನಿ.

ಹತ್ತನೆಯದು ಚೊಚ್ಚಲುಗಳ ಸಾವು. ಅದು ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ಗೋಡೆಯಾಚೆಯ ಕೂಗೂ ನಿಂತಿತು.  ಅಮ್ಮ ಮೇಜು ತಟ್ಟಲಿಲ್ಲ. ಬಟ್ಟಲು ಓರೆಯಾಗಿ ಹಿಡಿದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟು, ಆ ಹನಿ ಬೀಳದಂತೆ ಬಟ್ಟಲನ್ನು ನೆಟ್ಟಗೆ ಮಾಡಿದಳು. 

ಮೊದಲು ಕೇಳಿದ್ದು ಒಂದು ಏಟಿನ ಸದ್ದು. ಆಮೇಲೆ ಇನ್ನೊಂದು. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸಿಟ್ಟು. ಆಮೇಲೆ ಪಾತುಮ್ಮನ ದನಿ: "ನಿಮ್ಮನೆ ಮಗು ಹೌದು ಬಿಡಿ. ಉಲ್ಟಾ ಬಂತು, ಬರ್ತಿದ್ದ ಹಾಗೇ ವಾದ ಶುರು."

ಹೆಣ್ಣು. ಸಿಮ್ಹಾಳಿಗೆ ಎರಡು ದಿನ ಜ್ವರವಿತ್ತು, ಮೂರನೆಯ ದಿನ ಬಿಟ್ಟಿತು. ಇಬ್ಬರೂ ಕ್ಷೇಮ. ಈಗ ಉಸಿರು ಬಿಡು. ಅವಳಿಗೆ ಇನ್ನೂ ಹೆಸರಿಟ್ಟಿಲ್ಲ. ಅಮ್ಮ ಸದ್ಯಕ್ಕೆ 'ಹತ್ತನೆಯವಳು' ಎನ್ನುತ್ತಿದ್ದಾಳೆ. ಹೆಸರು ರಾಹೇಲಳೇ ಇಡಬೇಕು ಎಂದು ಸಿಮ್ಹಾ ಹಟ ಹಿಡಿದಿದ್ದಾಳೆ. ಬೇಗ ಬರೆ. ನಿನ್ನ ಟಪಾಲು ನನ್ನ ಟಪಾಲಿನಂತೆ ಆದರೆ ಹುಡುಗಿ ಮದುವೆಯ ಮನೆಗೂ ಅಂಕಿಯಲ್ಲೇ ಹೋಗಬೇಕಾಗುತ್ತದೆ.

ಹಬ್ಬ ಮುಗಿದ ಮರುದಿನ ಶಾಲೆಗೆ ಹೊರಡುವಾಗ ಕೋಟಿನ ಅಂಚಿನಲ್ಲಿ ಏನೋ ಗಟ್ಟಿಯಾಗಿ ತಗುಲಿತು. ಜೇಬಿನ ತೂತಿನಿಂದ ಜಾರಿ, ಒಳಬಟ್ಟೆಯ ಸಂದಿಯಲ್ಲಿ ಕೂತಿತ್ತು. ಕಲ್ಲಿನಷ್ಟು ಗಟ್ಟಿ. ಅಮ್ಮ ಒದರಿದಾಗಲೂ ಬೀಳದೆ, ಮಧ್ಯಾಹ್ನದಿಂದ ಮಗು ಅಳುವವರೆಗೂ ಅದು ಸಿಮ್ಹಾಳ ಮಂಚದ ಮೇಲೆ, ಅವಳ ಕಾಲಿನ ಮೇಲೆಯೇ ಇತ್ತು. ಇಡೀ ಮನೆಯಲ್ಲಿ ಹುಳಿ ಇದ್ದದ್ದು ಅಲ್ಲೊಂದೇ ಕಡೆ, ರಾಹೇಲ್. ಹೆರಿಗೆಯ ಮಂಚದ ಮೇಲೆ.

ನಾನು ಮೊದಲಿನಿಂದಲೂ ಹೇಳುತ್ತಿದ್ದೆನಲ್ಲ, ರೊಟ್ಟಿಯ ತುಂಡಿಗೆ ಯಾರನ್ನೂ ಕೊಲ್ಲುವ ಶಕ್ತಿ ಇಲ್ಲ ಎಂದು. ನಾನು ನಂಬುವವನಲ್ಲ, ಹೆದರುವವನೂ ಅಲ್ಲ. ಈಗ ಪುರಾವೆಯೂ ಸಿಕ್ಕಿದೆ.

ಇಸಾಕನಿಗೆ ನನ್ನ ಪ್ರೀತಿ. ನಿಮ್ಮ ಕೋಳಿಗಳು ಹೆಚ್ಚಲಿ, ಹೊಲಕ್ಕೆ ನೀರು ಹತ್ತಲಿ. ಸಮುದ್ರ ಸೀಳಿದವನು ನಿಮ್ಮಿಬ್ಬರನ್ನೂ ಕಾಪಾಡಲಿ.

ನಿನ್ನ ಅಣ್ಣ,
ನೆಹೆಮ್ಯಾ

ಮರೆತ ಮಾತು: ಮರೆತದ್ದಲ್ಲ. ಒಂಬತ್ತು ವರ್ಷದಿಂದ ನೆನಪಿದ್ದದ್ದು.

ನಿನ್ನ ಮೆನಾಹೆಮ್ ಹುಟ್ಟಿದ ವರ್ಷ ನಾನು ಕಾಲೇಜಿನಿಂದ ಹಬ್ಬದ ರಜೆಗೆ ಬಂದಿದ್ದೆ. ಎರ್ನಾಕುಳಂನ ಅಂಗಡಿಯಿಂದ ಒಂದು ಬನ್ನು ತಂದಿದ್ದೆ. ಉಗ್ರಾಣದಲ್ಲಿ ನಿಂತು ತಿನ್ನುತ್ತಿದ್ದಾಗ ಅಮ್ಮನ ಹೆಜ್ಜೆ ಕೇಳಿತು. ಉಳಿದರ್ಧವನ್ನು ಕೈಗೆ ಸಿಕ್ಕ ಜಾಡಿಗೆ ತುರುಕಿದೆ. ಅದು ನೀನು ಬಸುರಿಯಾಗಿ ಕೂತು ಆರಿಸಿಟ್ಟಿದ್ದ ಪೆಸಹದ ಅಕ್ಕಿಯ ಜಾಡಿ. ತೆಗೆಯಬೇಕೆಂದಿದ್ದೆ. ಮರೆತೆ. ಹಬ್ಬದ ನಾಲ್ಕನೆಯ ದಿನ ಮಗು ಹೋಯಿತು, ಇಪ್ಪತ್ತೆರಡು ದಿನದ ಮಗು. ಏಳನೆಯ ದಿನ ಅಮ್ಮ ಜಾಡಿಯ ತಳದಲ್ಲಿ ಬನ್ನು ಕಂಡಳು. ಎಲ್ಲರೂ ನಿನ್ನನ್ನು ನೋಡಿದರು. ನೀನು ನಿನ್ನ ಕೈ ನೋಡಿಕೊಂಡೆ. ನಾನು ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದೆ. ಎಲ್ಲರೂ ಸುಮ್ಮನಿದ್ದಾಗ ಒಂದು ತಮಾಷೆ ಹೇಳಿದ್ದು ನಾನೇ: "ರೆಪ್ಪೆ ಬಡಿದಿರ್ತಾಳೆ, ಪಾಪ."

ಈ ವರ್ಷ ತುಂಡು ಕದ್ದದ್ದು ತಮಾಷೆಗಲ್ಲ. ಒಂದು ತುಂಡು ಮನೆಯಲ್ಲಿ ಉಳಿಸಿ ಏನೂ ಆಗುವುದಿಲ್ಲ ಎಂದು ನೋಡಬೇಕಿತ್ತು. ನೋಡಿದ್ದು ಯಾರನ್ನು ಪಣಕ್ಕಿಟ್ಟು ಎಂಬುದು ಬೆಳಗಿನ ಜಾವದವರೆಗೆ ನನಗೆ ಹೊಳೆದಿರಲಿಲ್ಲ.

ಅಮ್ಮ ಹೇಳುವುದು ಸುಳ್ಳಾದರೆ ಮೆನಾಹೆಮ್ ಯಾರ ತಪ್ಪಿನಿಂದಲೂ ಹೋಗಲಿಲ್ಲ. ನಿಜವಾದರೆ ತಪ್ಪು ನನ್ನದು. ಎರಡರಲ್ಲೂ ನಿನ್ನ ಕೈ ಎಲ್ಲೂ ಇಲ್ಲ.

ಅಮ್ಮನಿಗೆ ಗುರುವಾರ ಹೇಳಿದೆ. ಮೂರು ದಿನದಿಂದ ನನ್ನೊಡನೆ ಮಾತಿಲ್ಲ. ಇವತ್ತು ಬೆಳಗ್ಗೆ, ನಾನು ಕಾಗದಕ್ಕೆ ಕೂತದ್ದು ಕಂಡು, ಗೋಡೆಗೆ ಹೇಳಿದಂತೆ ಹೇಳಿದಳು: "ಅವಳು ಆರಿಸಿದ ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿದ್ದು ನಂಗೆ ನೆನಪಿಲ್ಲ ಅಂತ ಬರಿ." ಬರೆದಿದ್ದೇನೆ.

ಈಗ ಪೊಟ್ಟಣ ಬಿಚ್ಚು. ಹತ್ತನೆಯ ತುಂಡು ಅದು. ಊಟದ ಮನೆಗೆ ಒಯ್ಯಬೇಡ. ನಿನ್ನ ಮನೆಯಲ್ಲಿ, ನಿನ್ನ ಒಲೆಯನ್ನು ನೀನೇ ಹಚ್ಚಿ, ನಿನ್ನ ಕೈಯಿಂದ ಅದಕ್ಕೆ ಹಾಕು.

ಅಲ್ಲೇ ಸುಡಬಹುದಿತ್ತಲ್ಲ, ಇಷ್ಟು ದೂರ ಯಾಕೆ ಕಳಿಸಿದೆ ಎನ್ನುವೆ. ಮೂರು ಸಲ ಒಲೆಯ ಮುಂದೆ ಕೂತೆ. ಪಕ್ಕದ ಕೋಣೆಯಲ್ಲಿ ಮಗು ಮಲಗಿತ್ತು. ಮೂರು ಸಲವೂ ಎದ್ದು ಬಂದೆ. ನನ್ನ ಕೈಯಿಂದ ಸುಟ್ಟರೆ ಮಗುವಿಗೆ ಏನಾದರೂ ಆದೀತೆಂದು ಹೆದರಿಕೆಯಾಯಿತು, ರಾಹೇಲ್. ಒಂಬತ್ತು ವರ್ಷವೂ ನಾನು ಅಮ್ಮನ ಮಾತನ್ನೇ ನಂಬಿದ್ದೆ.